ಮೂರು ತಲೆಮಾರಿನ ಕೇಸ್ ಶೀಟ್

ಎಂ.ಡಿ. ಮುಗಿಯಿತು, ಇನ್ನು ಡಿ.ಎಂ. ಮಾಡಿ ಕಿಡ್ನಿ ತಜ್ಞೆಯಾಗಲೋ, ಲ್ಯಾಬು ಸೇರಿ ವಂಶದಲ್ಲಿ ಬರುವ ಕಿಡ್ನಿ ಕಾಯಿಲೆಗಳ ಸಂಶೋಧನೆಗೆ ಇಳಿಯಲೋ ಎಂದು ಕೇಳಿದ್ದೀಯ. ಎರಡನ್ನೂ ಮಾಡಬಾರದೇಕೆ ಎಂಬ ಆಸೆ ಪತ್ರದ ಕೊನೆಯಲ್ಲಿ ಇಣುಕಿದೆ. ಮಾಡಬಹುದು ತಾಯಿ, ಮಾಡಿದವರಿದ್ದಾರೆ. ಆದರೆ ಅವರ ಪಾಡು ಹೇಗಿರುತ್ತದೆ ಎಂಬುದು ಮೊದಲೇ ಗೊತ್ತಿರಲಿ. ವಾರ್ಡಿನವರಿಗೆ ನೀನು ಲ್ಯಾಬಿನವಳು, ಲ್ಯಾಬಿನವರಿಗೆ ವಾರ್ಡಿನವಳು. ಜೊತೆಗೆ ಓದಿದವರು ಸ್ವಂತ ಡಯಾಲಿಸಿಸ್ ಸೆಂಟರ್ ತೆರೆದು ಗೃಹಪ್ರವೇಶಕ್ಕೂ ಕರೆಯುವ ಹೊತ್ತಿಗೆ ನೀನಿನ್ನೂ ಫೆಲೋಶಿಪ್ಪಿಗೆ ಅರ್ಜಿ ಹಾಕುತ್ತಿರುತ್ತೀಯ. ಹಣದ ಮಾತು ಇಷ್ಟು ಸಾಕು. ಉಳಿದದ್ದನ್ನು ಮನೆಯವರ ಜೊತೆ ಕೂತು ಮಾತಾಡಿಕೋ.

ನಾನು ಹೇಳಬೇಕೆಂದಿರುವುದು ಬೇರೆ. ಈ ಕಾಯಿಲೆಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತವೆ. ಅವುಗಳ ಸಂಶೋಧನೆಯೂ ಅದೇ ನಡಿಗೆಯಲ್ಲಿ ಸಾಗುತ್ತದೆ. ಯಾರೋ ಅರ್ಧಕ್ಕೆ ಬಿಟ್ಟದ್ದನ್ನು ನೀನು ಎತ್ತಿಕೊಳ್ಳುತ್ತೀಯ, ನೀನು ಅರ್ಧಕ್ಕೆ ಬಿಟ್ಟದ್ದನ್ನು ಈಗ ಶಾಲೆಗೆ ಹೋಗುತ್ತಿರುವ ಯಾವುದೋ ಮಗು ಮುಂದೊಂದು ದಿನ ಮುಗಿಸುತ್ತದೆ. ಆ ಮಗುವಿನ ಕೈಗೆ ನೀನು ಕೊಟ್ಟುಹೋಗಬಹುದಾದ ವಸ್ತುಗಳಲ್ಲಿ ತುಂಬ ದಿನ ಬಾಳುವುದು ಒಂದು ಕುಟುಂಬದ ಬಗ್ಗೆ ಅಚ್ಚುಕಟ್ಟಾಗಿ ಬರೆದಿಟ್ಟ ಕೇಸ್ ಶೀಟು.

ಆಲ್‌ಪೋರ್ಟ್ ಸಿಂಡ್ರೋಮ್ ನಿನಗೆ ಪರೀಕ್ಷೆಗೆ ಬೇಕಾದಷ್ಟು ಗೊತ್ತು. ಪರೀಕ್ಷೆಯಲ್ಲಿ ಕೇಳದ ಭಾಗ ಹೇಳುತ್ತೇನೆ. 1902ರಲ್ಲಿ ಲಂಡನ್ನಿನ ಲಿಯೊನಾರ್ಡ್ ಗಥ್ರಿ ಎಂಬ ವೈದ್ಯರು ಒಂದೇ ಮನೆತನದ ಹಲವರಿಗೆ ಮೂತ್ರದಲ್ಲಿ ರಕ್ತ ಹೋಗುವುದನ್ನು ಕಂಡು ಬರೆದಿಟ್ಟರು. ಕಾರಣ ಅವರಿಗೆ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಆಗ ಇರಲಿಲ್ಲ. 1923ರಲ್ಲಿ ಆರ್ಥರ್ ಹರ್ಸ್ಟ್ ಅದೇ ಮನೆತನದ ಬಗ್ಗೆ ಮತ್ತೆ ಬರೆದರು. 1927ರಲ್ಲಿ ದಕ್ಷಿಣ ಆಫ್ರಿಕಾ ಮೂಲದ ಸೆಸಿಲ್ ಆಲ್‌ಪೋರ್ಟ್ ಅದೇ ಮನೆಯ ಮುಂದಿನ ತಲೆಮಾರನ್ನು ನೋಡಿ ಎರಡು ಸಂಗತಿ ಸೇರಿಸಿದರು. ಇವರಲ್ಲಿ ಹಲವರಿಗೆ ಕಿವಿ ಮಂದ. ಗಂಡಸರು ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುತ್ತಾರೆ, ಹೆಂಗಸರು ಬಹುಕಾಲ ಬಾಳುತ್ತಾರೆ. ಆಲ್‌ಪೋರ್ಟ್ ತೀರಿಕೊಂಡದ್ದು 1959ರಲ್ಲಿ. ಕಾಯಿಲೆಗೆ ಅವರ ಹೆಸರು ಬಿದ್ದದ್ದು 1961ರಲ್ಲಿ. 1990ರಲ್ಲಿ ಅಮೆರಿಕದ ಯೂಟಾದ ಕುಟುಂಬಗಳನ್ನು ಇಟ್ಟುಕೊಂಡು ನಡೆದ ಕೆಲಸದಿಂದ ಗೊತ್ತಾಯಿತು, ತಪ್ಪಿರುವುದು ಎಕ್ಸ್ ಕ್ರೋಮೋಸೋಮಿನ ಮೇಲಿರುವ ಒಂದು ಕೊಲಾಜೆನ್ ವಂಶವಾಹಿಯಲ್ಲಿ ಎಂದು. ಕಿಡ್ನಿಯ ಜರಡಿಯನ್ನು ನೇಯುವ ನೂಲು ಅದು. ಒಳಗಿವಿಯಲ್ಲೂ ಅದೇ ನೂಲು. ಗಂಡಸಿಗೆ ಇರುವುದು ಒಂದೇ ಎಕ್ಸ್. ಅರವತ್ಮೂರು ವರ್ಷ ಹಿಂದೆ ಆಲ್‌ಪೋರ್ಟ್ ಬರೆದಿಟ್ಟ ಎರಡೂ ಮಾತಿಗೆ ಅರ್ಥ ಸಿಕ್ಕಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಜರ್ಮನಿಯ ಆಲಿವರ್ ಗ್ರಾಸ್ ಮತ್ತು ಸಂಗಡಿಗರು ಯುರೋಪಿನ ರೋಗಿಗಳ ಒಂದು ರಿಜಿಸ್ಟರನ್ನು ಎರಡು ದಶಕಗಳ ಕಾಲ ನೋಡಿಕೊಂಡು ಬಂದು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಸಿಗದವರು ಇಪ್ಪತ್ತೆರಡರ ಆಸುಪಾಸಿಗೆ ಡಯಾಲಿಸಿಸ್ ಮುಟ್ಟಿದ್ದರು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೂ ಕಿಡ್ನಿಯ ಶಕ್ತಿ ಇನ್ನೂ ಇಳಿಯದೆ ಇದ್ದಾಗಲೇ ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆ ಶುರುಮಾಡಿದವರಲ್ಲಿ ಅದು ನಲವತ್ತರ ಹತ್ತಿರಕ್ಕೆ ಹೋಗಿತ್ತು. ಇದು ನಮ್ಮ ಯಾವ ತಾಲ್ಲೂಕಿನ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಅಗ್ಗದ ಮಾತ್ರೆ. ಗಥ್ರಿಯಿಂದ ಇಲ್ಲಿಗೆ ನೂರಹತ್ತು ವರ್ಷ. ನಡುವೆ ದುಡಿದವರಲ್ಲಿ ಒಬ್ಬರಿಗೂ ಇಡೀ ಕಥೆ ಗೊತ್ತಿರಲಿಲ್ಲ.

ಇನ್ನೊಂದು ಕುಟುಂಬ ನ್ಯಾಶ್‌ವಿಲ್ಲಿನ ಗ್ರಾಂಟ್ ಲಿಡಲ್ 1963ರಲ್ಲಿ ವರ್ಣಿಸಿದ್ದು. ಹದಿಹರೆಯದ ಹುಡುಗಿಗೆ ವಿಪರೀತ ಬಿ.ಪಿ., ರಕ್ತದಲ್ಲಿ ಪೊಟ್ಯಾಸಿಯಮ್ ಕಡಿಮೆ. ಆಲ್ಡೋಸ್ಟಿರೋನ್ ಹೆಚ್ಚಿರಬೇಕು ಎಂದು ಯಾರಾದರೂ ಹೇಳುತ್ತಾರೆ, ಅಳೆದರೆ ಅದು ಇಲ್ಲವೆನ್ನುವಷ್ಟು ಕಡಿಮೆ. ಲಿಡಲ್ ಆ ಮನೆಯವರನ್ನೆಲ್ಲ ಕರೆಸಿ ನೋಡಿದರು, ತಪ್ಪು ಹಾರ್ಮೋನಿನಲ್ಲಿಲ್ಲ, ಕಿಡ್ನಿಯ ನಳಿಕೆಯಲ್ಲೇ ಸೋಡಿಯಮ್ ಅತಿಯಾಗಿ ಒಳಗೆ ಹೋಗುತ್ತಿದೆ ಎಂದರು. ಮುಂದೆ ಆ ಹುಡುಗಿಯ ಕಿಡ್ನಿ ಸೋತು 1989ರಲ್ಲಿ ಕಸಿಯಾಯಿತು, ಹೊಸ ಕಿಡ್ನಿಯೊಂದಿಗೆ ಬಿ.ಪಿ.ಯೂ ಸರಿಹೋಯಿತು. 1994ರಲ್ಲಿ ಯೇಲ್‌ನ ರಿಚರ್ಡ್ ಲಿಫ್ಟನ್ ತಂಡ ಅದೇ ಕುಟುಂಬದ ರಕ್ತದಲ್ಲಿ ಸೋಡಿಯಮ್ ನಾಳದ ವಂಶವಾಹಿಯ ದೋಷವನ್ನು ತೋರಿಸಿತು. ಲಿಡಲ್ ಮೂವತ್ತೊಂದು ವರ್ಷ ಮೊದಲೇ ಬರೀ ಮೂತ್ರ, ರಕ್ತ ಅಳೆದು ಹೇಳಿದ್ದು ಸರಿಯಾಗಿತ್ತು. ಲಿಫ್ಟನ್ ಬುದ್ಧಿವಂತರೇ, ಅನುಮಾನವಿಲ್ಲ. ಆದರೆ ಲಿಡಲ್ ಆ ಮನೆಯವರ ಲೆಕ್ಕ ಬರೆದಿಡದಿದ್ದರೆ ಆ ಬುದ್ಧಿ ಯಾವ ಮನೆಯ ಕದ ತಟ್ಟುತ್ತಿತ್ತು?

ಆದ್ದರಿಂದ ಮೊದಲು ಬರೆಯುವುದನ್ನು ಕಲಿ. ನಮ್ಮ ಓ.ಪಿ.ಡಿ.ಯಲ್ಲಿ "ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇದೆಯಾ?" ಎಂದು ಕೇಳಿದರೆ "ಇಲ್ಲ ಡಾಕ್ಟ್ರೇ" ಎಂಬ ಉತ್ತರವೇ ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅಜ್ಜ ಸತ್ತದ್ದು ಕಿಡ್ನಿಯಿಂದ ಎಂದು ಅವರಿಗೆ ಯಾರೂ ಹೇಳಿಲ್ಲ. ಪ್ರಶ್ನೆ ಬದಲಾಯಿಸು. ಮೈ ಬಾತುಕೊಂಡು ತೀರಿಕೊಂಡವರು ಇದ್ದಾರಾ? ಚಿಕ್ಕ ವಯಸ್ಸಿಗೆ ಬಿ.ಪಿ. ಏರಿ ತಲೆಯ ನರ ಒಡೆದು ಹೋದವರು? ಹೌದು ಎಂದರೆ ಪಾಲಿಸಿಸ್ಟಿಕ್ ಕಿಡ್ನಿ ನೆನಪಿರಲಿ. ಆ ಕಾಯಿಲೆಯಲ್ಲಿ ಮೆದುಳಿನ ರಕ್ತನಾಳ ಉಬ್ಬಿ ಒಡೆಯುವುದುಂಟು. ಹುಡುಗರಾಗಿದ್ದಾಗಲೇ ಕಿವಿ ಕೇಳದವರು? ಬೆಳೆಯದೆ ಕಾಲು ಬಾಗಿದ ಮಕ್ಕಳು? ಮೀಸೆ ಬರುವ ಮೊದಲೇ ಮೂತ್ರದಲ್ಲಿ ಕಲ್ಲು ಬಿದ್ದವರು? ಇಪ್ಪತ್ತರ ಹರೆಯದಲ್ಲೇ ಹೆಬ್ಬೆರಳು ಊದಿ ಗೌಟ್ ಎನಿಸಿಕೊಂಡವರು? ಹೀಗೆ ಕೇಳುತ್ತ ಹೋದರೆ ಹೊರಗಿನ ಬೆಂಚಿನ ಮೇಲೆ ಕೂತ ಅಜ್ಜಿಯನ್ನು ಒಳಗೆ ಕರೆಸಬೇಕಾಗುತ್ತದೆ. ಕರೆಸು. ಮನೆತನದ ಲೆಕ್ಕ ಇರುವುದು ಅವರ ಬಳಿ.

"ಮಾವನಿಗೆ ಡಯಾಲಿಸಿಸ್ ಆಗಿತ್ತು" ಎಂದಷ್ಟೇ ಬರೆದುಕೊಂಡು ಎದ್ದುಹೋಗಬೇಡ. ತಾಯಿಯ ಒಡಹುಟ್ಟಿದವನೋ, ಅತ್ತೆಯ ಗಂಡನೋ? ಮೊದಲನೆಯದಾದರೆ ಎಕ್ಸ್ ಕ್ರೋಮೋಸೋಮಿನ ಕಡೆ ಬೆರಳು ತೋರುತ್ತದೆ, ಎರಡನೆಯದಾದರೆ ಏನೂ ಇಲ್ಲ. ಒಳಸಂಬಂಧದ ಮದುವೆಯಾದರೆ ಒಬ್ಬನೇ ಇಬ್ಬರೂ ಆಗಿರಬಹುದು, ಅದಕ್ಕೇ ವಂಶವೃಕ್ಷದ ಚಿತ್ರ ಬಿಡಿಸು ಎನ್ನುವುದು. ತೀರಿಕೊಂಡವರ ವಯಸ್ಸು, ಊರು, ಉಳಿದಿರುವ ಯಾವುದಾದರೂ ಹಳೆಯ ಚೀಟಿ, ಎಲ್ಲ ಸೇರಿಸು. ಓದಲು ಬರುವಂತೆ ಬರೆ. ಡಾಕ್ಟರರ ಅಕ್ಷರ ಎಂದು ಜನ ನಗುತ್ತಾರಲ್ಲ, ನಮ್ಮ ಕೆಲಸದಲ್ಲಿ ಅದು ನಗುವ ವಿಷಯವಲ್ಲ.

ಒಳಸಂಬಂಧದ ಮಾತು ಬಂತು, ಅದನ್ನು ಸ್ವಲ್ಪ ಹೇಳಿಯೇ ಮುಂದೆ ಹೋಗುತ್ತೇನೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟ್ಲ್ಸ್ ಮುಂತಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ನವಜಾತ ಶಿಶುಗಳನ್ನು ಇಟ್ಟುಕೊಂಡು ಅಧ್ಯಯನ ಮಾಡಿದಾಗ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಇಂಥ ಮನೆಗಳಲ್ಲಿ ಮೇಲೆ ಬರುತ್ತವೆ: ನೆಫ್ರೊನೊಫ್ತಿಸಿಸ್, ಸಿಸ್ಟಿನೋಸಿಸ್, ಹೈಪರಾಕ್ಸಲೂರಿಯ, ಸ್ಟೀರಾಯ್ಡಿಗೆ ಬಗ್ಗದ ಕೆಲವು ನೆಫ್ರೋಟಿಕ್ ಸಿಂಡ್ರೋಮುಗಳು. ವಿಜ್ಞಾನದ ಕಣ್ಣಿಗೆ ಇವು ವಂಶವಾಹಿ ಹುಡುಕಲು ಹೇಳಿಮಾಡಿಸಿದ ಕುಟುಂಬಗಳು. ಅವರೆದುರು ಆ ಉತ್ಸಾಹ ಮುಖದಲ್ಲಿ ಕಾಣಿಸದಂತೆ ನೋಡಿಕೋ. "ಸಂಬಂಧದಲ್ಲಿ ಯಾಕೆ ಮದುವೆಯಾದಿರಿ?" ಎಂದು ಗದರುವ ಡಾಕ್ಟರರನ್ನು ನಾನು ಕಂಡಿದ್ದೇನೆ. ಆಗಿಹೋದ ಮದುವೆಗೆ ಬೈದು ಏನು ಬಂತು? ಆ ದಂಪತಿ ಮುಂದಿನ ಸಲ ಬರುವುದಿಲ್ಲ, ಅಷ್ಟೇ.

ಅವರಿಗೆ ಬೇಕಾದದ್ದು ಒಂದು ಲೆಕ್ಕ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇದನ್ನು ಕೇಳಿದ ಬಹುಪಾಲು ಜನ "ಹಾಗಾದರೆ ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ" ಎಂದುಕೊಂಡು ಮನೆಗೆ ಹೋಗುತ್ತಾರೆ. ಹೇಳಿದ ಮೇಲೆ ಅವರ ಬಾಯಲ್ಲೇ ತಿರುಗಿ ಹೇಳಿಸು. ಎಕ್ಸ್ ಕ್ರೋಮೋಸೋಮಿನ ಕಾಯಿಲೆಯಾದರೆ ಇನ್ನೂ ಹುಷಾರು. ಹುಡುಗನಿಗೆ ಅದು ತಾಯಿಯಿಂದಲೇ ಬಂದಿರುತ್ತದೆ, ಇಲ್ಲವೇ ಅವನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಆ ಮಾತನ್ನು ಅತ್ತೆಯ ಎದುರು ಆಡಿಬಿಟ್ಟರೆ ಆ ಹೆಣ್ಣುಮಗಳು ಮನೆಗೆ ಹೋದಮೇಲೆ ಏನು ಅನುಭವಿಸಬೇಕು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಮೊದಲು ಅವಳೊಬ್ಬಳನ್ನೇ ಕೂರಿಸಿ ಮಾತಾಡು. ಅವಳ ಮೂತ್ರವನ್ನೂ ಪರೀಕ್ಷಿಸು. ಮಗನಿಗೆ ಕಿಡ್ನಿ ಕೊಡಲು ಮುಂದೆ ಬರುವವಳು ಬಹುಶಃ ಅವಳೇ. ಪಾಲಿಸಿಸ್ಟಿಕ್ ಮನೆತನದಲ್ಲಿ ತಮ್ಮನೋ ತಂಗಿಯೋ ದಾನಕ್ಕೆ ಬಂದರೆ ಅವರಿಗೂ ಅದೇ ಕಾಯಿಲೆ ಇರುವ ಸಾಧ್ಯತೆ ಅರ್ಧಕ್ಕರ್ಧ. ಇಪ್ಪತ್ತರ ಹರೆಯದಲ್ಲಿ ಸ್ಕ್ಯಾನು ಶುದ್ಧವಾಗಿದೆ ಎಂದು ನಂಬಿ ಕೂರಬೇಡ, ವಂಶವಾಹಿ ಪರೀಕ್ಷೆ ಆಗಲಿ.

ಇನ್ನು ಲ್ಯಾಬು. ಪಾಲಿಸಿಸ್ಟಿಕ್ ಕಿಡ್ನಿಯ ದಾರಿ ಎಷ್ಟು ಸುತ್ತಿದೆ ನೋಡು. ಡೆನ್ಮಾರ್ಕಿನ ಡಾಲ್‌ಗಾರ್ಡ್ 1957ರಲ್ಲಿ 284 ರೋಗಿಗಳನ್ನೂ ಅವರ ಮನೆಯವರನ್ನೂ ಹುಡುಕಿ ಅದು ತಂದೆಯಿಂದಲೋ ತಾಯಿಯಿಂದಲೋ ಒಬ್ಬರಿಂದಲೇ ಇಳಿಯುತ್ತದೆ ಎಂದು ತೋರಿಸಿದರು. 1985ರಲ್ಲಿ ಸ್ಟೀಫನ್ ರೀಡರ್ಸ್ ಆಕ್ಸ್‌ಫರ್ಡ್‌ನಲ್ಲಿ ಅದರ ವಂಶವಾಹಿ ಹದಿನಾರನೇ ಕ್ರೋಮೋಸೋಮಿನ ಮೇಲೆ, ಹಿಮೋಗ್ಲೋಬಿನ್ನಿನ ಒಂದು ವಂಶವಾಹಿಯ ಪಕ್ಕದಲ್ಲಿದೆ ಎಂದು ಗುರುತು ಹಚ್ಚಿದರು. ಆದರೂ ಅದನ್ನು ಹಿಡಿಯಲು ಇನ್ನೂ ಒಂಬತ್ತು ವರ್ಷ ಬೇಕಾಯಿತು, ಅದೂ ಪೋರ್ಚುಗಲ್ಲಿನ ಒಂದು ಕುಟುಂಬದಿಂದ. ತಾಯಿಗೂ ಮಗಳಿಗೂ ಪಾಲಿಸಿಸ್ಟಿಕ್ ಕಿಡ್ನಿ, ಮಗನಿಗೆ ಟ್ಯೂಬರಸ್ ಸ್ಕ್ಲಿರೋಸಿಸ್ ಎಂಬ ಬೇರೆಯೇ ಕಾಯಿಲೆ. ತಾಯಿಯ ಹದಿನಾರನೇ ಕ್ರೋಮೋಸೋಮು ಮುರಿದು ಇಪ್ಪತ್ತೆರಡನೆಯದಕ್ಕೆ ಕೂಡಿಕೊಂಡಿತ್ತು. ಮುರಿದ ಜಾಗದಲ್ಲೇ ಪಿಕೆಡಿ1 ಎಂಬ ಆ ವಂಶವಾಹಿ ಇತ್ತು. ಒಂದೇ ಮನೆಯಲ್ಲಿ ಎರಡು ಕಾಯಿಲೆ ಏಕೆ ಎಂದು ಒಬ್ಬರು ತಲೆಕೆಡಿಸಿಕೊಂಡದ್ದರ ಫಲ ಅದು.

ವಂಶವಾಹಿ ಸಿಕ್ಕಿತು, ಅದು ಮಾಡುವ ಕೆಲಸ ಗೊತ್ತಾಗಲಿಲ್ಲ. ಅದರ ಸುಳಿವು ಬಂದದ್ದು ಕಿಡ್ನಿಯೇ ಇಲ್ಲದ ಜೀವಿಗಳಿಂದ. 1999ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇದೇ ವಂಶವಾಹಿಯ ಬಂಧು ಕೆಟ್ಟರೆ ಗಂಡು ಹುಳುವಿಗೆ ಸಂಗಾತಿಯ ಜೊತೆ ಕೂಡುವುದು ತಿಳಿಯುವುದಿಲ್ಲ ಎಂದು ಮೌರೀನ್ ಬಾರ್ ಮತ್ತು ಪಾಲ್ ಸ್ಟರ್ನ್‌ಬರ್ಗ್ ಕಂಡರು. ಆ ಪ್ರೋಟೀನು ಇದ್ದದ್ದು ನರಕೋಶದ ರೋಮದಂಥ ಸೀಲಿಯದಲ್ಲಿ. 2000ದಲ್ಲಿ ಗ್ರೆಗರಿ ಪಾಜೂರ್ ಮತ್ತು ಸಂಗಡಿಗರು ಹಸಿರು ಪಾಚಿಯ ಸೀಲಿಯದಂಥ ಬಾಲ ಕಟ್ಟುವ ವಂಶವಾಹಿಯೂ ಕಿಡ್ನಿಯಲ್ಲಿ ನೀರುಗುಳ್ಳೆ ಬರುವ ಇಲಿಯ ವಂಶವಾಹಿಯೂ ಒಂದೇ ಎಂದು ತೋರಿಸಿದರು. ಕಿಡ್ನಿಯ ನಳಿಕೆಗಳ ಬಹುತೇಕ ಕೋಶಗಳಿಗೆ ಒಂದೊಂದು ಸೀಲಿಯ ಇದೆ ಎಂದು ಪಠ್ಯದಲ್ಲಿ ಇತ್ತು, ಅದು ಉಳಿದುಹೋದ ಕಸ ಎಂದೇ ಬಹಳ ಜನ ಭಾವಿಸಿದ್ದರು. ಪಾಚಿಯ ಮೇಲೆ ಕೆಲಸ ಮಾಡುವವರ ಭಾಷಣಕ್ಕೆ ಹೋಗಿ ಕೂರು ಎಂದು ನಾನು ಹೇಳುವುದು ಇದಕ್ಕೆ. ಊಟದ ಹೊತ್ತಿನಲ್ಲಿ ಅವರ ಪಕ್ಕ ಕೂತರೆ ಇನ್ನೂ ಒಳ್ಳೆಯದು.

ಈಗ ಸೋಲಿನ ಮಾತು. ರಾಪಮೈಸಿನ್ ಜಾತಿಯ ಔಷಧಗಳು ಇಲಿಗಳಲ್ಲಿ ಗುಳ್ಳೆಗಳನ್ನು ಚೆನ್ನಾಗಿ ತಡೆದವು. ಎಲ್ಲರಿಗೂ ಹುರುಪು. 2010ರಲ್ಲಿ ಮನುಷ್ಯರ ಮೇಲಿನ ಎರಡು ದೊಡ್ಡ ಪ್ರಯೋಗಗಳು ಒಟ್ಟಿಗೇ ಪ್ರಕಟವಾದವು. ಆ ಜಾತಿಯ ಸಿರೋಲಿಮಸ್ ಗುಳ್ಳೆಗಳ ಬೆಳವಣಿಗೆಯನ್ನು ತಡೆಯಲಿಲ್ಲ, ಎವರೋಲಿಮಸ್ ಗಾತ್ರವನ್ನು ಸ್ವಲ್ಪ ತಗ್ಗಿಸಿದರೂ ಕಿಡ್ನಿಯ ಕೆಲಸವನ್ನು ಉಳಿಸಲಿಲ್ಲ. ಇಲಿ ವಾಸಿಯಾಯಿತು ಎಂಬ ಸುದ್ದಿಯನ್ನು ರೋಗಿಗೆ ಹೇಳುವ ಮೊದಲು ನಾಲ್ಕು ಬಾರಿ ಯೋಚಿಸು. ಪತ್ರಿಕೆಯವರಿಗಂತೂ ಹೇಳಲೇಬೇಡ.

ಗೆದ್ದದ್ದೂ ಅರೆಗೆಲುವೇ. ಕ್ಯಾನ್ಸಸ್‌ನ ಜ್ಯಾರೆಡ್ ಗ್ರಾಂಥಮ್ ತರುಣರಾಗಿದ್ದಾಗ, 1966ರಲ್ಲಿ, ಮಾರಿಸ್ ಬರ್ಗ್ ಜೊತೆ ಮೊಲದ ಕಿಡ್ನಿಯಿಂದ ಒಂದೇ ಒಂದು ನಳಿಕೆಯನ್ನು ಬಿಡಿಸಿ ತೆಗೆದು, ಅದರ ಮೇಲೆ ವಾಸೊಪ್ರೆಸ್ಸಿನ್ ಹಾರ್ಮೋನಿನ ಪ್ರಭಾವ ನೋಡಿದ್ದರು. ಆಗ ಅವರ ಮನಸ್ಸಿನಲ್ಲಿ ಇದ್ದದ್ದು ನೀರು ಹೇಗೆ ದಾಟುತ್ತದೆ ಎಂಬ ಪ್ರಶ್ನೆ. ಮುಂದೆ ಅವರು ಗುಳ್ಳೆಗಳ ಕಡೆ ತಿರುಗಿದರು, 1982ರಲ್ಲಿ ರೋಗಿಗಳ ಪರವಾದ ಒಂದು ಪ್ರತಿಷ್ಠಾನವನ್ನೂ ಕಟ್ಟಿದರು. 2003ರಲ್ಲಿ ಗ್ಯಾಟೋನ್, ಟೊರೆಸ್, ಹ್ಯಾರಿಸ್ ಮುಂತಾದವರು ಅದೇ ವಾಸೊಪ್ರೆಸ್ಸಿನ್ನನ್ನು ತಡೆದರೆ ಪ್ರಾಣಿಗಳಲ್ಲಿ ಗುಳ್ಳೆ ಬೆಳೆಯುವುದಿಲ್ಲ ಎಂದು ತೋರಿಸಿದರು. 2012ರಲ್ಲಿ ವಾಸೊಪ್ರೆಸ್ಸಿನ್ ತಡೆಯುವ ಟೋಲ್ವಾಪ್ಟನ್ ಔಷಧದ 1,445 ರೋಗಿಗಳ ಮೇಲಿನ ಪ್ರಯೋಗ ಪ್ರಕಟವಾದಾಗ ಲೇಖಕರ ಪಟ್ಟಿಯಲ್ಲಿ ಗ್ರಾಂಥಮ್ ಹೆಸರೂ ಇತ್ತು. ಕಿಡ್ನಿ ವರ್ಷಕ್ಕೆ ಶೇ. 5.5ರಷ್ಟು ಹಿಗ್ಗುತ್ತಿದ್ದದ್ದು ಶೇ. 2.8ಕ್ಕೆ ಇಳಿದಿತ್ತು. ಅಮೆರಿಕದ ಔಷಧ ನಿಯಂತ್ರಕರು ಮೊದಲು ಒಪ್ಪಲಿಲ್ಲ. ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ, ಗ್ರಾಂಥಮ್ ತೀರಿಕೊಂಡ ಮೇಲೆ. ಔಷಧ ನುಂಗಿದವರಿಗೆ ದಿನವಿಡೀ ದಾಹ, ರಾತ್ರಿಯಿಡೀ ಮೂತ್ರಕ್ಕೆ ಓಡಾಟ, ತಿಂಗಳು ತಿಂಗಳು ಲಿವರ್ ಪರೀಕ್ಷೆ. ಬಸ್ಸಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸಿಗೆ ಇದನ್ನು ಬರೆದುಕೊಡುವ ಮುನ್ನ, ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಬೇಕಾದವಳು ನೀನು. ಲ್ಯಾಬಿನಲ್ಲೇ ಕೂತವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ.

ವಂಶವಾಹಿ ರಿಪೋರ್ಟು ಈಗ ಮೇಲ್‌ನಲ್ಲೇ ಬಂದುಬಿಡುತ್ತದೆ. ಅದನ್ನು ದೇವವಾಕ್ಯ ಮಾಡಿಕೊಳ್ಳಬೇಡ. ಪಿಕೆಡಿ1ರ ಆಸುಪಾಸಿನಲ್ಲೇ ಅದನ್ನೇ ಹೋಲುವ ಆರು ಸತ್ತ ಪ್ರತಿಗಳಿವೆ, ಸಾಮಾನ್ಯ ಎಕ್ಸೋಮ್ ಪರೀಕ್ಷೆ ಅಲ್ಲಿ ಎಡವುತ್ತದೆ. ಮ್ಯುಸಿನ್-1 ಎಂಬ ವಂಶವಾಹಿಯ ಕಾಯಿಲೆ ಇನ್ನೂ ವಿಚಿತ್ರ: ಒಂದೇ ಸಾಲು ಹತ್ತಾರು ಸಲ ಮರುಕಳಿಸುವ ಜಾಗದಲ್ಲಿ ಒಂದು ಅಕ್ಷರ ಹೆಚ್ಚಾಗಿರುತ್ತದೆ, ಯಂತ್ರಗಳ ಕಣ್ಣಿಗೆ ಬೀಳುವುದೇ ಇಲ್ಲ. 2013ರಲ್ಲಿ ಅದು ಸಿಕ್ಕಿದ್ದು ಉತ್ತರ ಕ್ಯಾರೊಲಿನಾದ ಆಂಥನಿ ಬ್ಲೈಯರ್‌ರಂಥ ವೈದ್ಯರು ವರ್ಷಗಟ್ಟಲೆ ಕುಟುಂಬಗಳನ್ನು ಬಿಡದೆ ಹಿಂಬಾಲಿಸಿದ್ದರಿಂದ. ರಿಪೋರ್ಟು ಏನೂ ಇಲ್ಲ ಎಂದರೂ ಮೂರು ತಲೆಮಾರಿನ ಚಿತ್ರ ಇದೆ ಎನ್ನುತ್ತಿದ್ದರೆ ನಾನು ಚಿತ್ರವನ್ನೇ ನಂಬುತ್ತೇನೆ. ಅರ್ಥ ಖಚಿತವಿಲ್ಲದ ಬದಲಾವಣೆ ಎಂಬ ಸಾಲು ನಮ್ಮ ರೋಗಿಗಳ ರಿಪೋರ್ಟಿನಲ್ಲಿ ಮತ್ತೆ ಮತ್ತೆ ಬರುವುದಕ್ಕೂ ಕಾರಣವಿದೆ. ಹೋಲಿಸಿ ನೋಡುವ ದತ್ತಾಂಶದಲ್ಲಿ ನಮ್ಮ ಜನ ಬಹುಕಾಲ ಇರಲೇ ಇಲ್ಲ. ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು ಹತ್ತು ಸಾವಿರ ಭಾರತೀಯರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ನಿನ್ನ ಕಾಲಕ್ಕೆ ಇದು ಸಿಕ್ಕಿದೆ, ಬಳಸಿಕೋ.

ರಕ್ತ ತೆಗೆದುಕೊಂಡವರಿಗೆ ಉತ್ತರ ಕೊಡುವುದೂ ನಿನ್ನ ಕೆಲಸ. ಮಾದರಿ ಯಾವ ಊರಿಗೆ, ಯಾವ ದೇಶಕ್ಕೆ ಹೋಗುತ್ತದೆ, ಎಷ್ಟು ವರ್ಷ ಇರುತ್ತದೆ ಎಂದು ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರದಲ್ಲಿ ಇರಲಿ. ಅವರ ಫೋನ್ ನಂಬರು ಬದಲಾಗುತ್ತದೆ, ಹತ್ತಿರದ ಇನ್ನಿಬ್ಬರದೂ ತೆಗೆದುಕೋ. ಹತ್ತು ವರ್ಷದ ಮೇಲೆ ಉತ್ತರ ಸಿಕ್ಕರೂ ಅದರಿಂದ ಉಪಯೋಗವಾಗಬಹುದು: ಹೈಪರಾಕ್ಸಲೂರಿಯದ ಕೆಲವು ದೋಷಗಳಿಗೆ ಪಿರಿಡಾಕ್ಸಿನ್ ಎಂಬ ಬಿ6 ಮಾತ್ರೆಯೇ ನಾಟುತ್ತದೆ, ಯಾವ ದೋಷ ಎಂದು ಗೊತ್ತಿದ್ದರೆ. 2020ರಲ್ಲಿ ಒಪ್ಪಿಗೆ ಪಡೆದ ಲುಮಾಸಿರಾನ್ ಚುಚ್ಚುಮದ್ದು ಯಕೃತ್ತಿನಲ್ಲೇ ಆಕ್ಸಲೇಟನ್ನು ತಗ್ಗಿಸುತ್ತದೆ. ನಮ್ಮ ಮಕ್ಕಳಿಗೆ ಅದು ಕೈಗೆಟುಕುವುದು ಯಾವಾಗಲೋ. ಬಿ6 ಅಂತೂ ಇವತ್ತೇ ಎಟುಕುತ್ತದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನನ್ನನ್ನು ಕೇಳಿದರೆ ಡಿ.ಎಂ. ಮೊದಲು. ಕುಟುಂಬಗಳು ಬರುವುದು ಡಾಕ್ಟರರ ಹತ್ತಿರ, ಲ್ಯಾಬಿಗಲ್ಲ. ಆ ಮೂರು ವರ್ಷದಲ್ಲಿ ಕನಿಷ್ಠ ಒಂದು ಮನೆತನವನ್ನಾದರೂ ಪೂರ್ತಿ ಬರೆದಿಡು. ಆಮೇಲೆ ಸಂಶೋಧನೆ. ಡಿ.ಬಿ.ಟಿ. ಮತ್ತು ವೆಲ್ಕಮ್ ಟ್ರಸ್ಟ್ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್ ವೈದ್ಯರಿಗೆಂದೇ ಪ್ರತ್ಯೇಕ ಫೆಲೋಶಿಪ್ ಕೊಡುತ್ತ ಬಂದಿದೆ, ಅದರ ವಿವರ ತರಿಸಿಕೊಂಡು ಓದು. ಸೇರುವ ಮುನ್ನ ಆ ಲ್ಯಾಬಿಗೆ ಹೋಗಿ ಕೆಲವು ದಿನ ಸುಮ್ಮನೆ ಕೂತು ಬಾ. ಅಲ್ಲಿನ ಹುಡುಗರು ಮುಖ್ಯಸ್ಥರಿಲ್ಲದಾಗ ಏನು ಮಾತಾಡುತ್ತಾರೆ ಕೇಳು. ಮುಖ್ಯಸ್ಥರನ್ನು ಮೂರು ವಿಷಯ ಕೇಳು: ವಾರದಲ್ಲಿ ಎಷ್ಟು ದಿನ ಓ.ಪಿ.ಡಿ.ಗೆ ಬಿಡುತ್ತೀರಿ, ನಾನು ತಂದ ಕುಟುಂಬಗಳ ದಾಖಲೆ ನಾನು ಬಿಟ್ಟುಹೋದರೆ ಯಾರ ಬಳಿ ಉಳಿಯುತ್ತದೆ, ಉತ್ತರ ಸಿಕ್ಕಾಗ ಅವರಿಗೆ ತಿಳಿಸುವವರು ಯಾರು. ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಲ್ಯಾಬು ಹುಡುಕು.